ಆಟದ ಬಯಲಿನಲ್ಲಿ ಎದೆಬಡಿತದ ಲೆಕ್ಕ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹೃದಯದ ಪಾಠವಿದೆ, ಗಣಿತ ಪುಸ್ತಕದಲ್ಲಿ ಸರಾಸರಿ, ಮಧ್ಯಾಂಕಗಳ ಪಾಠವಿದೆ. ಒಂದೇ ಚೀಲದಲ್ಲಿದ್ದರೂ ಇವೆರಡಕ್ಕೂ ಪರಿಚಯವೇ ಇಲ್ಲ! ಎರಡನ್ನೂ ಆಟದ ಬಯಲಿಗೆ ತಂದರೆ, ಅಂಗಡಿಯಿಂದ ಕೊಂಡು ಅಂಟಿಸುವ ಚಾರ್ಟಿಗಿಂತ ಎಷ್ಟೋ ಮೇಲಾದ ಪ್ರಾಜೆಕ್ಟ್ ಒಂದು ಸಿಗುತ್ತದೆ. ಯಾವ ವ್ಯಾಯಾಮ ಎದೆಬಡಿತವನ್ನು ಹೆಚ್ಚು ಏರಿಸುತ್ತದೆ? ಬೇಕಾದದ್ದು ಸೆಕೆಂಡು ಮುಳ್ಳಿನ ಗಡಿಯಾರ ಮತ್ತು ಒಂದು ನೋಟ್ ಪುಸ್ತಕ. ಹುಣಸೂರಿನ ಪೇಟೆ ಶಾಲೆಗೂ ಎಚ್.ಡಿ. ಕೋಟೆಯ ಕಾಡಂಚಿನ ಶಾಲೆಗೂ ಖರ್ಚು ಒಂದೇ.

ಸುಮ್ಮನೆ ಕುಳಿತ ವಯಸ್ಕರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ತಳ್ಳುತ್ತದೆ. ನಿಮಿಷಕ್ಕೆ 72 ಬಡಿತವೆಂದರೆ ಐದು ಲೀಟರು. ಓಡುವಾಗ ಸ್ನಾಯುಗಳು ಹೆಚ್ಚು ಆಮ್ಲಜನಕ ಕೇಳುತ್ತವೆ, ಹೃದಯ ವೇಗ ಹೆಚ್ಚಿಸುತ್ತದೆ. ದಿನವೂ ಆಡಿ ಓಡುವವರ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಬಲ್ಲದು. ಹೀಗಾಗಿ ಅಂಥವರ ವಿಶ್ರಾಂತಿಯ ಬಡಿತ ಕಡಿಮೆ ಇರುವುದುಂಟು.

ಎಣಿಸುವುದು ಸುಲಭವೆಂದು ಕಾಣುತ್ತದೆ, ಆದರೆ ಲೆಕ್ಕ ತಪ್ಪುವುದು ಅಲ್ಲೇ. ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕೆಳಗೆ ತೋರುಬೆರಳು, ನಡುಬೆರಳು ಇಟ್ಟು ನಾಡಿ ಹಿಡಿಯಬೇಕು. ಹೆಬ್ಬೆರಳಿನಿಂದ ಹಿಡಿಯಬಾರದು, ಅದಕ್ಕೇ ತನ್ನದೊಂದು ಮಿಡಿತವಿದೆ. ವ್ಯಾಯಾಮ ನಿಲ್ಲಿಸಿದ ಕೂಡಲೇ ಬಡಿತ ಇಳಿಯತೊಡಗುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿದರೆ, ಎಣಿಸುತ್ತಿರುವಾಗಲೇ ಅದು ಇಳಿದು, ನಿಜಕ್ಕಿಂತ ಕಡಿಮೆ ಸಂಖ್ಯೆ ಬರುತ್ತದೆ. ಆದ್ದರಿಂದ ನಿಲ್ಲಿಸಿದ ತಕ್ಷಣ 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಇದಕ್ಕೂ ಒಂದು ಬೆಲೆಯುಂಟು: ಒಂದು ಬಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ. ಹತ್ತು ಸೆಕೆಂಡಿಗೆ ಇಳಿಸಿದರೆ ಆರು!

ಇನ್ನು ಹೋಲಿಕೆ. ಒಬ್ಬಳ ವಿಶ್ರಾಂತಿಯ ಬಡಿತ 68, ಎರಡು ನಿಮಿಷ ಸ್ಕಿಪ್ಪಿಂಗ್ ಮಾಡಿದ ಮೇಲೆ 128 ಎಂದುಕೊಳ್ಳಿ. ಇನ್ನೊಬ್ಬನದು 92, ಅಷ್ಟೇ ಹೊತ್ತು ಬಸ್ಕಿ ಹೊಡೆದ ಮೇಲೆ 132. ಬಸ್ಕಿಯೇ ಹೆಚ್ಚೆಂದು ಬರೆಯಬಹುದೇ? ಅವಳ ಏರಿಕೆ 60, ಅವನದು 40. ಹಾಗೆಂದು ಸ್ಕಿಪ್ಪಿಂಗೇ ಹೆಚ್ಚೆನ್ನುವಂತೆಯೂ ಇಲ್ಲ, ದೇಹಗಳೇ ಬೇರೆ. ಒಬ್ಬರೇ ಎರಡನ್ನೂ ಮಾಡಿ, ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸಬೇಕು. ನಡುವೆ ಬಡಿತ ಮೊದಲಿನ ಮಟ್ಟಕ್ಕೆ ಇಳಿಯುವವರೆಗೆ ಕುಳಿತಿರಬೇಕು. ಎಲ್ಲರೂ ಬಸ್ಕಿಯನ್ನು ಕೊನೆಗೆ ಮಾಡಿದರೆ ಹಿಂದಿನ ದಣಿವೂ ಬಸ್ಕಿಯ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೆ ಅರ್ಧ ತರಗತಿ ಸ್ಕಿಪ್ಪಿಂಗಿನಿಂದ, ಉಳಿದರ್ಧ ಬಸ್ಕಿಯಿಂದ ಆರಂಭಿಸಲಿ. ಯಾರು ಯಾವುದೆಂದು ಚೀಟಿ ಎತ್ತಿ ನಿರ್ಧರಿಸಿ.

ಐವರ ಏರಿಕೆ 48, 52, 55, 60, 5 ಎಂದಿರಲಿ. ಸರಾಸರಿ 44, ಮಧ್ಯಾಂಕ 52. ಆ ಒಂದು 5 ಸರಾಸರಿಯನ್ನು ಎಲ್ಲಿಗೆ ಎಳೆಯಿತು ನೋಡಿ! ಅಂದವಾಗಿ ಕಾಣಲೆಂದು ಅದನ್ನು ಅಳಿಸುವುದು ಪ್ರಾಜೆಕ್ಟ್ ಪುಸ್ತಕಗಳ ಹಳೆಯ ಚಾಳಿ. ಅಳಿಸಬೇಡಿ. ನಾಡಿ ಸಿಗಲಿಲ್ಲವೇ, ಸರಿಯಾಗಿ ಬಸ್ಕಿ ಹೊಡೆಯಲಿಲ್ಲವೇ ಎಂದು ವಿಚಾರಿಸಿ, ಬರೆದಿಡಿ, ಬೇಕಾದರೆ ಇನ್ನೊಮ್ಮೆ ಅಳೆಯಿರಿ. ದೇಹದ ಅಳತೆಗೂ ಸಂಖ್ಯಾಶಾಸ್ತ್ರಕ್ಕೂ ನಂಟು ಹಳೆಯದು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರು 1940ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸುತ್ತಿದ್ದವರು.

ಪಟ್ಟಿಯಲ್ಲಿ ಷರಾ ಬರೆಯಲು ಒಂದು ಕಾಲಂ ಇರಲಿ. ಕಾಫಿ ಕುಡಿದದ್ದು, ಜ್ವರ ಬಂದದ್ದು ಅಲ್ಲಿ ಬರಲಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಇನ್ನೊಂದನ್ನೂ ಕೇಳಬೇಕು: ಬೆಳಗ್ಗೆ ತಂಬಾಕಿನ ಹೊಲಕ್ಕೆ ಹೋಗಿದ್ದೆಯಾ? ಒದ್ದೆಯಾದ ಹಸಿ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ಒಳಸೇರಿ ತಲೆಸುತ್ತು, ವಾಂತಿ ತರುತ್ತದೆ. ಎದೆಬಡಿತವನ್ನು ಏರಿಸುವ ಗುಣವೂ ಅದಕ್ಕಿದೆ. ಮಕ್ಕಳನ್ನು ಆ ಕೆಲಸಕ್ಕೆ ಕಳಿಸಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಪೋಷಕರಿಗೂ ಒಂದು ಮಾತು. ಈ ಸಂಖ್ಯೆಗಳು ಅಂಕಗಳಲ್ಲ, ಪಕ್ಕದ ಮನೆಯ ಮಗುವಿನದರ ಜೊತೆ ತೂಗಬೇಡಿ. ಆದರೆ ಸುಮ್ಮನೆ ಕುಳಿತಾಗಲೂ ಬಡಿತ ಪದೇ ಪದೇ 100 ದಾಟುತ್ತಿದ್ದರೆ ವೈದ್ಯರಿಗೆ ತೋರಿಸಿ. ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾದ ರಕ್ತಹೀನತೆಯೂ ಅದಕ್ಕೆ ಕಾರಣವಿರಬಹುದು. ಆಡುವಾಗ ಎದೆನೋವು, ಕಣ್ಣು ಕತ್ತಲೆ ಬಂದ ಮಗುವಿಗೆ ಗಡಿಯಾರದ ಕೆಲಸ ಕೊಡಿ, ಓಡಿಸಬೇಡಿ. ಮರುದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಕೆ.ಆರ್. ನಗರದ ಶಾಲೆಯೊಂದು ಎಚ್.ಡಿ. ಕೋಟೆಯ ಶಾಲೆಯೊಡನೆ ಪಟ್ಟಿ ಹೋಲಿಸುವುದಾದರೆ ಇಬ್ಬರೂ ಬೆಳಗಿನ ಮೊದಲ ಪೀರಿಯಡ್‌ನಲ್ಲೇ ಅಳೆಯಲಿ. ಒಬ್ಬರು ಬೆಳಗಿನ ತಂಪಿನಲ್ಲಿ, ಇನ್ನೊಬ್ಬರು ಮಧ್ಯಾಹ್ನದ ಬಿಸಿಲಿನಲ್ಲಿ ಅಳೆದರೆ ಪಟ್ಟಿಯಲ್ಲಿ ಕಾಣುವುದು ಬಿಸಿಲಿನ ವ್ಯತ್ಯಾಸವೂ ಆಗಿರಬಹುದು.