ಲಾರಿಯ ಮಿಸ್ಸಿಂಗು: ಕಿಡಿಯೋ, ಪೆಟ್ರೋಲೋ?

ಕನ್ನಡ ಪಂಡಿತನಿಗೆ ಲಾರಿಯ ಇಂಜಿನಿನ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ನನ್ನ ಸೋದರಮಾವನವರು ಪೆಟ್ರೋಲ್ ಲಾರಿ ಇಟ್ಟಿದ್ದರು. ರಜೆಯಲ್ಲಿ ಅವರಿಗೆ ಸ್ಪಾನರು ಎತ್ತಿಕೊಡುವ ಕೆಲಸ ನನ್ನದು. ಛಂದಸ್ಸು ಕಲಿತ ಕಿವಿಗೆ ಈ ವಿದ್ಯೆ ಅಷ್ಟೇನೂ ದೂರವಲ್ಲ. ಷಟ್ಪದಿಗೆ ಆರು ಪಾದ. ಹಳೆಯ ಪೆಟ್ರೋಲ್ ಲಾರಿಗೂ ಸಾಮಾನ್ಯವಾಗಿ ಆರು ಸಿಲಿಂಡರು. ಗಣ ತಪ್ಪಿದರೆ ಓದುವವನು ಎಡವುವಂತೆ, ಒಂದು ಸಿಲಿಂಡರಿನಲ್ಲಿ ಉರಿ ಹತ್ತದಿದ್ದರೆ ಇಂಜಿನು ಕುಂಟುತ್ತದೆ. ಮೆಕ್ಯಾನಿಕ್ಕುಗಳು ಇದನ್ನೇ ‘ಮಿಸ್ಸಿಂಗ್’ ಎನ್ನುವುದು.

ಈಚೆಗೆ ನನ್ನ ಹಳೆಯ ಶಿಷ್ಯನೊಬ್ಬ ಬಂದ. ಅಜ್ಜನ ಕಾಲದ, 1950ರ ದಶಕದ ಪೆಟ್ರೋಲ್ ಲಾರಿಯೊಂದನ್ನು ಅವನ ಮನೆಯವರು ಇನ್ನೂ ಕಾಪಾಡಿಕೊಂಡು ಬಂದಿದ್ದಾರೆ. “ಮೇಷ್ಟ್ರೇ, ನಿಂತಾಗಲೂ ಕುಂಟುತ್ತೆ, ದಿಣ್ಣೆ ಹತ್ತುವಾಗಂತೂ ಮುಗ್ಗರಿಸುತ್ತೆ. ಹೊಗೆಯಲ್ಲಿ ಹಸಿ ಪೆಟ್ರೋಲಿನ ವಾಸನೆ. ಕಾರ್ಬುರೇಟರಿನ ತಿರುಪು ಮೂರು ಸಲ ತಿರುಗಿಸಿದೆ, ಪ್ರಯೋಜನವಾಗಲಿಲ್ಲ” ಎಂದ. ಷೆಡ್ಡಿನ ಬಾಗಿಲು ಮುಚ್ಚಿಕೊಂಡು ಇಂಜಿನು ಓಡಿಸಿದ್ದರಿಂದ ತಲೆನೋವೂ ಬಂದಿತ್ತಂತೆ. ಮೊದಲು ಅದಕ್ಕೇ ಗದರಿಸಿದೆ. ಇಂಜಿನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಗಾಳಿಗಿಂತ ಪೆಟ್ರೋಲು ಹೆಚ್ಚಾದರೆ ಅದು ಇನ್ನೂ ಹೆಚ್ಚುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವಿನಿಂದ ಆರಂಭವಾಗಿ ಪ್ರಾಣವನ್ನೇ ತೆಗೆಯಬಲ್ಲದು. ಲಾರಿಯನ್ನು ಬಯಲಿಗೆ ತಳ್ಳಿಸಿದ ಮೇಲೆಯೇ ಮುಂದಿನ ಮಾತು.

ಅವನನ್ನು ಮೋಸಗೊಳಿಸಿದ್ದು ಆ ವಾಸನೆ. ಪೆಟ್ರೋಲು ಹೆಚ್ಚಾಗಿದೆಯೆಂದು ತಿಳಿದು ತಿರುಪನ್ನು ಮುಚ್ಚುತ್ತ ಹೋಗಿದ್ದ. ಆದರೆ ಕಿಡಿ ಹಾರದ ಸಿಲಿಂಡರು ತನ್ನ ಪಾಲಿನ ಪೆಟ್ರೋಲನ್ನು ಸುಡದೆಯೇ ಹೊರಕ್ಕೆ ತಳ್ಳುತ್ತದೆ. ಮಿಶ್ರಣ ಸರಿಯಾಗಿದ್ದರೂ ವಾಸನೆ ಬಂದೇ ಬರುತ್ತದೆ. ಅಲ್ಲದೆ ಆ ತಿರುಪಿನ ಅಧಿಕಾರ ಐಡ್ಲಿಂಗಿನ ಮೇಲೆ ಮಾತ್ರ. ದಿಣ್ಣೆಯ ಮೇಲೆ ಜೆಟ್ಟುಗಳದೇ ಕಾರುಬಾರು. ಆದುದರಿಂದ ಕಿಡಿಯನ್ನು ಪರೀಕ್ಷಿಸದೆ ಕಾರ್ಬುರೇಟರನ್ನು ಮುಟ್ಟಬಾರದು.

ಇಂಜಿನನ್ನು ಐಡ್ಲಿಂಗಿನಲ್ಲಿ ಬಿಟ್ಟು, ರಬ್ಬರು ಹಿಡಿಯ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚಿ, ಅದರ ತುದಿಯನ್ನು ಇಂಜಿನಿನ ಕಬ್ಬಿಣಕ್ಕೆ ತಾಗಿಸಿದೆವು. ಎಲ್ಲಿಯೂ ಪೆಟ್ರೋಲು ಸೋರುತ್ತಿಲ್ಲವೆಂದು ಮೊದಲೇ ನೋಡಿಕೊಂಡಿದ್ದೆವು. ದುಡಿಯುವ ಸಿಲಿಂಡರಿನ ತಂತಿ ಕಳಚಿದರೆ ಓಟ ಕುಗ್ಗುತ್ತದೆ. ನಾಲ್ಕನೆಯದನ್ನು ಕಳಚಿದಾಗ ಏನೂ ಬದಲಾಗಲಿಲ್ಲ. ಕಳ್ಳ ಸಿಕ್ಕ! ಅದರ ಪ್ಲಗ್ಗನ್ನು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಇಲ್ಲಿಗೆ ತಂದೆವು. ದೋಷ ಪ್ಲಗ್ಗಿನೊಡನೆ ಹೋಗಿದ್ದರೆ ಪ್ಲಗ್ಗೇ ಅಪರಾಧಿ, ಹೋಗಲಿಲ್ಲ. ಕತ್ತಲಾದ ಮೇಲೆ ನೋಡಿದರೆ ನಾಲ್ಕನೆಯ ತಂತಿಯ ಬಿರುಕಿನಿಂದ ನೀಲಿ ಕಿಡಿ ಕಬ್ಬಿಣಕ್ಕೆ ಹಾರುತ್ತಿತ್ತು. ಭಾರ ಎಳೆಯುವಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು; ಅಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕು. ವಿದ್ಯುತ್ತು ಸುಲಭದ ದಾರಿಯನ್ನೇ ಹಿಡಿಯುತ್ತದೆ, ನಮ್ಮ ವಿದ್ಯಾರ್ಥಿಗಳಂತೆ.

ತಂತಿಯೂ ಸರಿಯಿದ್ದಿದ್ದರೆ ವಾಲ್ವನ್ನೂ ಕಂಪ್ರೆಶನ್ನನ್ನೂ ನೋಡಬೇಕಾಗುತ್ತಿತ್ತು. ದೋಷ ಒಂದೆಡೆ ನಿಲ್ಲದೆ ಎಲ್ಲ ಸಿಲಿಂಡರುಗಳಲ್ಲಿಯೂ ಅಲೆಯುತ್ತಿದ್ದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟು, ಕಂಡೆನ್ಸರು ಇವುಗಳ ಮೇಲೆ ಸಂಶಯ. ತಂತಿಗಳನ್ನು ಮತ್ತೆ ಸಿಕ್ಕಿಸುವಾಗ ಕ್ರಮ ತಪ್ಪಬಾರದು: ಹಳೆಯ ಷೆವ್ರೊಲೆ, ಬೆಡ್‌ಫರ್ಡ್ ಆರು ಸಿಲಿಂಡರಿನ ಇಂಜಿನುಗಳಲ್ಲಿ ಅದು 1-5-3-6-2-4.

ಇನ್ನು ಮಿಶ್ರಣ. ತೂಕದಲ್ಲಿ ಒಂದು ಭಾಗ ಪೆಟ್ರೋಲು ಪೂರ್ತಿ ಉರಿಯಲು 14.7 ಭಾಗ ಗಾಳಿ ಬೇಕು. ಪ್ಲಗ್ಗಿನ ತುದಿ ಕಂದಾಗಿದ್ದರೆ ಕ್ಷೇಮ, ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿದ್ದರೆ ಕಡಮೆ, ಎಣ್ಣೆಯಿಂದ ತೊಯ್ದಿದ್ದರೆ ಪಿಸ್ಟನ್ನಿನ ರಿಂಗೋ ವಾಲ್ವಿನ ಗೈಡೋ ಸವೆದಿರಬಹುದು. ಬಿಸಿಯಾದ ಇಂಜಿನಿನ ಚೋಕನ್ನು ತುಸು ಎಳೆದಾಗ ಓಟ ಸರಿಹೋದರೆ ಪೆಟ್ರೋಲು ಸಾಲದೆಂದು ಅರ್ಥ: ಜೆಟ್ಟಿನಲ್ಲಿ ಕಸವಿರಬಹುದು, ಇಲ್ಲವೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ನುಸುಳುತ್ತಿರಬಹುದು. ಎಳೆದಾಗ ಇನ್ನೂ ಹದಗೆಟ್ಟರೆ ಏರ್ ಕ್ಲೀನರನ್ನೂ ಫ್ಲೋಟಿನ ಸೂಜಿಯನ್ನೂ ನೋಡಬೇಕು.

ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತಿರುವುದನ್ನೂ ಮರೆಯುವಂತಿಲ್ಲ. ಎಥನಾಲಿನಲ್ಲಿಯೇ ಆಮ್ಲಜನಕವಿದೆ; ಅದಕ್ಕೆ ಸುಮಾರು 9 ಭಾಗ ಗಾಳಿ ಸಾಕು. ಬರಿಯ ಪೆಟ್ರೋಲಿಗೆಂದು ಅಳೆದಿಟ್ಟ ಹಳೆಯ ಜೆಟ್ಟಿಗೆ ಈ ಇಂಧನ ಸ್ವಲ್ಪ ಸಾಲದಾಗುತ್ತದೆ. ಅಂದಿನ ರಬ್ಬರು ಕೊಳವೆಗಳೂ ಪಂಪಿನ ಡಯಾಫ್ರಮ್ಮೂ ಇದರಿಂದ ಉಬ್ಬಿ ಬಿರಿಯಬಹುದು. ಕಾದ ಇಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಲಾರಿಯೇ ಹೊತ್ತಿಕೊಂಡೀತು. ಶಿಷ್ಯನ ಲಾರಿಯಲ್ಲಿಯೂ ಒಂದು ಕೊಳವೆ ಬೆರಳಿಗೆ ಮೆತ್ತಗೆ ಸಿಕ್ಕಿತು. ಅದನ್ನೂ ತಂತಿಯನ್ನೂ ಬದಲಾಯಿಸಿ, ಅವನು ಮುಚ್ಚಿದ್ದ ತಿರುಪನ್ನು ಹಿಂದಕ್ಕೆ ಸಡಿಲಿಸಿದೆವು. ಮರುದಿನ ಅವನು ಅದೇ ದಿಣ್ಣೆಯ ಮೇಲಿನಿಂದ ಫೋನು ಮಾಡಿ, ಮಾತಾಡುವ ಬದಲು ಇಂಜಿನಿನ ಸದ್ದನ್ನೇ ಕೇಳಿಸಿದ.