ಹಿಂಬದಿಯ ಕ್ಯಾಮೆರಾದ ದೋಷ ಮತ್ತು ವಾಹನಗಳ ರೀಕಾಲ್

ಮೋಟಾರು ಕಾರನ್ನು ಹಿಂದಕ್ಕೆ ನಡೆಸುವಾಗ ಅದರ ಬೆನ್ನಿಗೇ ಇರುವ ಸ್ವಲ್ಪ ನೆಲವು ಚಾಲಕನಿಗೆ ಯಾವ ಕನ್ನಡಿಯಲ್ಲಿಯೂ ಕಾಣುವುದಿಲ್ಲ. ಅಲ್ಲಿ ಮಗುವೊಂದು ಕುಳಿತು ಆಡುತ್ತಿದ್ದರೆ ಅದೂ ಕಾಣದು. ಈ ಮರೆಯನ್ನು ನೀಗಿಸುವುದೇ ಹಿಂಬದಿಯ ಕ್ಯಾಮೆರಾದ ಪ್ರಯೋಜನವಾಗಿದೆ. ಅದರ ಪರದೆ ಕೆಟ್ಟರೆ ಅದನ್ನು ಅಲ್ಪದೋಷವೆಂದು ಬಗೆಯಬಹುದೇ ಎಂಬುದನ್ನು ನಾವು ಇಲ್ಲಿ ವಿವೇಚಿಸುತ್ತೇವೆ.

ದೋಷವು ಮೂರು ಬಗೆಯದು: ಚಿತ್ರವೇ ಮೂಡದಿರುವುದು, ತಡವಾಗಿ ಮೂಡುವುದು, ಮೂಡಿದ ಚಿತ್ರ ಚಲಿಸದೆ ನಿಂತುಬಿಡುವುದು. ಕಪ್ಪು ಪರದೆಯನ್ನು ಕಂಡ ಚಾಲಕನು ಹೊರಳಿ ನೋಡುತ್ತಾನೆ. ನಿಂತ ಚಿತ್ರವನ್ನಾದರೋ ಅವನು ನಂಬುತ್ತಾನೆ. ಆದುದರಿಂದ ಮೂರನೆಯದೇ ಅತ್ಯಂತ ಅಪಾಯಕರವಾದುದು.

ಅಮೆರಿಕದಲ್ಲಿ 2018ರ ಮೇ 1ರಿಂದ ಹೊಸ ಲಘುವಾಹನಗಳಿಗೆಲ್ಲ ಈ ಕ್ಯಾಮೆರಾ ಕಡ್ಡಾಯವಾಗಿದೆ; ಹಿಂಚಲನೆಯ ಗೇರು ಹಾಕಿದ 2 ಸೆಕೆಂಡುಗಳೊಳಗೆ ಚಿತ್ರ ಮೂಡಬೇಕು. ಈ ನಿಯಮ ಪಾಲನೆಯಾಗದ ಕಾರಣ 2025ರ ಜನವರಿಯಲ್ಲಿ ಟೆಸ್ಲಾ ಸಂಸ್ಥೆಯು ಸುಮಾರು 2,39,000 ಕಾರುಗಳನ್ನು ರೀಕಾಲ್ ಮಾಡಿತು, ಎಂದರೆ ದೋಷನಿವಾರಣೆಗಾಗಿ ಹಿಂದಕ್ಕೆ ಕರೆಯಿತು. ಭಾರತದಲ್ಲಿ 2019ರ ಜುಲೈ 1ರಿಂದ ಕಾರುಗಳಿಗೆ ಕಡ್ಡಾಯವಾದುದು ಹಿಂಬದಿಯ ಅಡೆತಡೆಯನ್ನು ಸೂಚಿಸುವ ಸೆನ್ಸರ್ ಮಾತ್ರ. ಪರದೆಯ ದೋಷಕ್ಕಾಗಿ ನಡೆದ ರೀಕಾಲ್ ಇಲ್ಲಿಯೂ ಉಂಟು: ಚಾಲಕನ ಮುಂದಿನ ಮಾಹಿತಿಫಲಕವು ಬರಿದಾಗಬಹುದೆಂದು ಕಿಯಾ ಸಂಸ್ಥೆಯು 2023ರಲ್ಲಿ 30,297 ಕಾರೆನ್ಸ್ ಕಾರುಗಳನ್ನು ಕರೆಸಿ, ಉಚಿತವಾಗಿ ಸಾಫ್ಟ್‌ವೇರನ್ನು ತಿದ್ದಿಕೊಡಲು ಮುಂದಾಯಿತು.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯ 110ಎ ಪ್ರಕರಣದಂತೆ ಸರ್ಕಾರವೇ ರೀಕಾಲಿಗೆ ಆಜ್ಞಾಪಿಸಬಹುದು. ಇದು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅಂಥ ಆಜ್ಞೆಗೆ ಒಂದು ಮುಖ್ಯ ಆಧಾರವೆಂದರೆ ನಿಗದಿಯಾದ ಪ್ರಮಾಣದಲ್ಲಿ ಮಾಲೀಕರಿಂದ ಬಂದ ದೂರುಗಳು. ಯಾರೂ ದೂರದಿದ್ದರೆ ದೋಷವು ಲೆಕ್ಕಕ್ಕೆ ಬರುವುದೇ ಕಷ್ಟ.

ಕಾರವಾರ ಮತ್ತು ಅಂಕೋಲೆಗಳ ವಿಷಯದಲ್ಲಿ ಇದು ವಿಶೇಷವಾಗಿ ಗಮನಾರ್ಹವಾಗಿದೆ. ಇಲ್ಲಿ ಮಳೆಗಾಲ ದೀರ್ಘ. ಗಾಳಿಯಲ್ಲಿ ಉಪ್ಪಿನಂಶ ಹೆಚ್ಚು. ಮಸೂರದ ಮೇಲೆ ನೀರು ನಿಂತು ಚಿತ್ರ ಮಸುಕಾಗುವುದು ಸಹಜ. ಆದಕಾರಣ ಪರದೆಯ ಯಾವ ವಿಕಾರವನ್ನಾದರೂ ಮಳೆಯ ಮೇಲೆ ಹೊರಿಸಿ ಸುಮ್ಮನಾಗುವ ಸಂಭವವುಂಟು. ಇವೆರಡನ್ನು ಬೇರ್ಪಡಿಸುವುದು ಕಠಿಣವಲ್ಲ. ಮಸೂರವನ್ನು ಒರೆಸಿದೊಡನೆ ಚಿತ್ರ ತಿಳಿಯಾದರೆ ಅದು ಮಳೆಯ ಕೆಲಸ. ಒರೆಸಿದ ಮೇಲೂ ಪರದೆ ಕಪ್ಪಾಗಿದ್ದರೆ, ಅಥವಾ ಕಾರು ಚಲಿಸಿದರೂ ಚಿತ್ರ ಚಲಿಸದಿದ್ದರೆ, ದೋಷವಿರುವುದು ತಂತಿಯಲ್ಲೋ ವಿದ್ಯುನ್ಮಂಡಲದಲ್ಲೋ ಸಾಫ್ಟ್‌ವೇರಿನಲ್ಲೋ ಆಗಿರಬೇಕು. ಅಂಥದನ್ನು ದಿನಾಂಕಸಹಿತ ಬರೆದು ತಯಾರಕರಿಗೂ ಸರ್ಕಾರಕ್ಕೂ ತಿಳಿಸತಕ್ಕದ್ದು.

ಇನ್ನೊಂದು ಅಂಶವನ್ನೂ ಹೇಳಬೇಕು. ರೀಕಾಲಿನ ಪತ್ರವು ದಾಖಲೆಯಲ್ಲಿರುವ ಮಾಲೀಕನಿಗೆ ಹೋಗುತ್ತದೆ. ಹಳೆಯ ಕಾರನ್ನು ಕೊಂಡವನು ಕೆಎ 30 ಸಂಖ್ಯೆಯ ಕಾರವಾರದ ಸಾರಿಗೆ ಕಚೇರಿಯಲ್ಲಿ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಆ ಪತ್ರವು ಮಾರಿದವನ ಮನೆ ಸೇರುವುದು. ದೋಷಯುಕ್ತ ಕಾರು ಮಾತ್ರ ಕೊಂಡವನ ಅಂಗಳದಲ್ಲಿಯೇ ಉಳಿಯುವುದು. ಚಾಸಿ ಸಂಖ್ಯೆಯನ್ನು ಕೊಟ್ಟು ತಯಾರಕರಲ್ಲಿ ವಿಚಾರಿಸಿದರೆ ಆ ಕಾರಿಗೆ ರೀಕಾಲ್ ಇದೆಯೇ ಎಂಬುದು ತಿಳಿಯುತ್ತದೆ. ದುರಸ್ತಿಯಾಗುವವರೆಗೆ ಕಾರಿನಿಂದಿಳಿದು ಒಮ್ಮೆ ಹಿಂದೆ ನೋಡಿಬರುವುದು ಚಾಲಕನ ಕರ್ತವ್ಯವಾಗಿದೆ.