ಕಾಡುಹಣ್ಣಿನ ಬೀಜದ ನಿದ್ದೆ ಬಿಡಿಸುವ ಬಗೆ



“ಬದುವಿನ ಮೇಲೆ ಬೋರೆ ಬಿತ್ತಿದ್ವಿ, ನೆಲ್ಲಿ ಬಿತ್ತಿದ್ವಿ, ನೇರಳೆ ಬಿತ್ತಿದ್ವಿ, ಒಂದೂ ಹುಟ್ಲಿಲ್ಲ” ಎನ್ನುವವರು ಬಹಳ ಮಂದಿ. ಹುಟ್ಟದ ಬೀಜ ಸತ್ತಿತ್ತೋ, ಮಲಗಿತ್ತೋ? ಅದನ್ನು ಮೊದಲು ತಿಳಿಯಬೇಕು. ಮಲಗಿದ್ದನ್ನು ಎಬ್ಬಿಸಬಹುದು, ಸತ್ತದ್ದನ್ನು ಎಬ್ಬಿಸಲಾಗದು. ಇದರಲ್ಲಿ ತಪ್ಪಿದರೆ ಒಂದು ಮಳೆಗಾಲವೇ ದಂಡ.

ಬೋರೆಯೂ ಬೆಟ್ಟದ ನೆಲ್ಲಿಯೂ ಬಲಿಯುವುದು ಚಳಿಗಾಲದಲ್ಲಿ. ಆಗಲೇ ಮೊಳೆತರೆ ಎಳೆಸಸಿ ಬೇಸಗೆಯಲ್ಲಿ ಸುಟ್ಟುಹೋದೀತು. ಅದಕ್ಕೇ ಬೀಜ ಗಟ್ಟಿ ಗೊರಟಿನೊಳಗೆ ಮಳೆಯ ದಾರಿ ಕಾಯುತ್ತಾ ಮಲಗಿರುತ್ತೆ. ನೇರಳೆಯದು ಬೇರೆ ರೀತಿ. ಅದು ಹಣ್ಣಾಗುವುದೇ ಮುಂಗಾರಿನ ಹೊತ್ತಿಗೆ. ನೆಲ ಹಸಿಯಾಗಿರುವಾಗ ಅದು ಮಲಗುವುದೇಕೆ? ಅದಕ್ಕೆ ನಿದ್ದೆಯೇ ಇಲ್ಲ.

ಮೊದಲು ಬೋರೆ. ಹಣ್ಣಿನ ತಿರುಳನ್ನು ತೊಳೆದು, ಗೊರಟನ್ನು ನೆರಳಲ್ಲಿ ಒಣಗಿಸಿಡಿ. ಬಿತ್ತುವ ಮುಂಚೆ ಒಂದು ಲೀಟರು ನೀರಿಗೆ ಸುಮಾರು 170 ಗ್ರಾಂ ಉಪ್ಪು ಕರಗಿಸಿ, ಗೊರಟು ಹಾಕಿ. ತೇಲಿದ್ದು ಜೊಳ್ಳು, ಎಸೆಯಿರಿ. ಮುಳುಗಿದ್ದನ್ನು ಒಳ್ಳೆ ನೀರಲ್ಲಿ ತೊಳೆದು, ಕಲ್ಲಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಒಡೆಯಿರಿ. ಒಳಗಿನ ಚಪ್ಪಟೆ ಬೀಜಕ್ಕೆ ಪೆಟ್ಟು ಬೀಳಬಾರದು. ಹೀಗೆ ತೆಗೆದ ಬೀಜ ಒಂದು ವಾರ, ಹತ್ತು ದಿನಕ್ಕೆ ಮೊಳೆಯುತ್ತೆ. ಗೊರಟು ಸಮೇತ ಬಿತ್ತಿದರೆ ಮೂರು ನಾಲ್ಕು ವಾರ ಕಾಯಬೇಕು.

ನೆಲ್ಲಿಗೆ ಸುತ್ತಿಗೆ ಬೇಡ. ಮರದಲ್ಲೇ ಚೆನ್ನಾಗಿ ಬಲಿತ ಕಾಯಿಯನ್ನು ಬಿಸಿಲಿಗೆ ಒಣಹಾಕಿ. ಗೊರಟು ತಾನೇ ಬಿರಿದು, ಆರರವರೆಗೆ ಸಣ್ಣ ಬೀಜ ಉದುರುತ್ತವೆ. ಒಂದು ಹಗಲು, ಒಂದು ರಾತ್ರಿ ನೀರಲ್ಲಿ ನೆನೆಸಿ, ಮುಳುಗಿದವನ್ನು ಮಾತ್ರ ಬಿತ್ತಿ.

ಇನ್ನು ನೇರಳೆ. ಇದನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಕೆಟ್ಟಿತು! ಎರಡು ವಾರ ಕಳೆಯುವುದರೊಳಗೆ ಬಹುಪಾಲು ಬೀಜದ ಜೀವ ಹೋಗಿರುತ್ತೆ. ಹಣ್ಣು ತಿಂದ ದಿನವೇ, ತಪ್ಪಿದರೆ ಮರುದಿನವೇ, ತೊಳೆದು ಬಿತ್ತಿಬಿಡಿ. ಒಂದೇ ಬೀಜದಿಂದ ಎರಡು ಮೂರು ಸಸಿ ಬಂದರೆ ಬೆರಗಾಗಬೇಡಿ, ಬಲವಾದದ್ದೊಂದನ್ನು ಉಳಿಸಿಕೊಳ್ಳಿ.

ಕೆಮ್ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು ಬೆರೆಸಿ ಚೀಲ ತುಂಬಿ. ನೆಲ್ಲಿ ಬೀಜ ಅರ್ಧ ಅಂಗುಲ, ಉಳಿದವು ಒಂದು ಅಂಗುಲ ಆಳದಲ್ಲಿರಲಿ. ಮಣ್ಣು ಹಸಿಯಾಗಿರಬೇಕು, ನೀರು ನಿಲ್ಲಬಾರದು. ಬೋರೆಯ ತಾಯಿಬೇರು ಬೇಗ ಆಳಕ್ಕಿಳಿಯುತ್ತೆ. ಅದಕ್ಕೆ ಉದ್ದನೆಯ ಚೀಲವೇ ಬೇಕು. ನೆಡುವಾಗ ಬೇರು ಕಡಿಯದಿರಲಿ.

ಒಂದು ಮಾತು ನೆನಪಿರಲಿ. ಬೀಜದಿಂದ ಬಂದ ಮರದ ಹಣ್ಣು ತಾಯಿಮರದ ಹಣ್ಣಿನಂತೆಯೇ ಇರುತ್ತದೆಂಬ ಭರವಸೆಯಿಲ್ಲ. ಕಾಡುಬೋರೆಯ ಸಸಿ ಪೆನ್ಸಿಲಿನಷ್ಟು ದಪ್ಪವಾದ ಮೇಲೆ ಒಳ್ಳೆಯ ತಳಿಯ ಕಣ್ಣು ಕಸಿ ಮಾಡಿಸಿದರೆ ಸಂತೆಗೆ ಒಯ್ಯುವಂಥ ಹಣ್ಣು ಸಿಕ್ಕೀತು. ಬೇರು ಕಾಡಿನದು, ಬರ ತಡೆಯುತ್ತೆ.

ಮಕ್ಕಳು ತಿಂದು ಉಗಿದ ಗೊರಟನ್ನು ಇನ್ನು ಮೇಲೆ ಗುಡಿಸಿ ತಿಪ್ಪೆಗೆ ಹಾಕಬೇಡಿ. ನೇರಳೆಯಾದರೆ ಅಂದೇ ಮಣ್ಣಿಗೆ, ಬೋರೆ ನೆಲ್ಲಿಯಾದರೆ ಮಡಕೆಗೆ.